ಎಂಟು ನಿಮಿಷದ ಜವಾಬು

ಸವದತ್ತಿ ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಝೆರಾಕ್ಸ್ ಅಂಗಡಿಗೆ ವರ್ಷದ ನಾಲ್ಕು ತಿಂಗಳು ಒಂದೇ ಪ್ರಶ್ನೆ ಬರುತ್ತದೆ. ಈ ಸಲ ಯಾವ ಉತ್ಸವಕ್ಕೆ ಹೋದರೆ ಚಲೋ? ಆಧಾರ್ ಕಾರ್ಡಿನ ನಕಲು ತೆಗೆಸಲು ಬಂದವರಿಗೂ ಇದು ಬೇಕು, ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಬಂದವರಿಗೂ ಬೇಕು. ನಾನೇನು ಉತ್ಸವಗಳ ಏಜೆಂಟ್ ಅಲ್ಲ. ಆದರೆ ಸುತ್ತಿನ ಕಲಾವಿದರ ಅರ್ಜಿಗಳು ನನ್ನ ಕಂಪ್ಯೂಟರಿನಿಂದಲೇ ಹೋಗುತ್ತವೆ, ಹಾಗಾಗಿ ವರದಾಬಾಯಿಗೆ ಎಲ್ಲ ಗೊತ್ತು ಎಂದು ಜನ ನಂಬಿಬಿಟ್ಟಿದ್ದಾರೆ. ಕೇಳಿದವರಿಗೆ ಹೇಳಿ ಕಳಿಸುತ್ತೇನೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಹೋಗಿ, ಮೆರವಣಿಗೆಯ ದಿನ ಹೋಗಿ, ತಲೆಗೊಂದು ಟೊಪ್ಪಿಗೆ ಇರಲಿ. ಜನವರಿಯಲ್ಲಿ ಸಂಗೊಳ್ಳಿಗೆ ಹೋಗಿ, ಡೊಳ್ಳನ್ನು ಹತ್ತಿರ ನಿಂತು ಕೇಳಿ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಮಾತ್ರ ನನ್ನನ್ನು ಏನೂ ಕೇಳಬೇಡಿ, ಆ ದಿನ ನನಗೆ ಅಂಗಡಿಯಿಂದ ಮನೆ ಮುಟ್ಟುವುದೇ ದೊಡ್ಡ ಯಾತ್ರೆ. ಇನ್ನು ಜನವರಿಯ ಕೊನೆಗೆ ಬೈಲಹೊಂಗಲದಲ್ಲಿ ಸೀತನಿ ಸಂಭ್ರಮ. ಹೋಗಿ, ಸೀತನಿ ಎಂದರೆ ಬಿಸಿಬಿಸಿ ಸುಟ್ಟ ಹಾಲುಜೋಳ, ಅದನ್ನು ತಿನ್ನಿ, ಮೇಲೆ ಶೇಂಗಾ ಚಟ್ನಿ, ಬೆಲ್ಲ ತಿನ್ನಿ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಸಮಯವನ್ನು ಮಾತ್ರ ನಂಬಬೇಡಿ.

ಈ ಕೊನೆಯ ಮಾತನ್ನು ನಾನು ಸಿಟ್ಟಿನಿಂದಲೇ ಹೇಳುವುದು. ಆ ಸಿಟ್ಟಿಗೆ ಕಾರಣ ಹೂಲಿಯ ಸತ್ಯವ್ವ.

ಸತ್ಯವ್ವನಿಗೆ ಅರವತ್ತನಾಲ್ಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಲದ ಕೆಲಸ, ಆಮೇಲೆ ಹಾಡು. ಆಕೆ ಹಾಡುವುದು ನಾಗೇಶಿ ಪದ. ನಮ್ಮ ಕಡೆ ಹರದೇಶಿ, ನಾಗೇಶಿ ಎಂದು ಎರಡು ಮೇಳಗಳು ಎದುರುಬದುರು ಕೂತು ಹಾಡುತ್ತವೆ. ಹರದೇಶಿಯವರು ಗಂಡು ಹೆಚ್ಚು ಅನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅನ್ನುತ್ತಾರೆ. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಹಿಂದಿನ ಕಾಲದಲ್ಲಿ ಒಂದು ಸವಾಲು ಬೆಳಗಿನ ತನಕ ಎಳೆಯುತ್ತಿತ್ತಂತೆ. ಈಗ ಸಂಭ್ರಮದ ಸಮಿತಿಯವರು ಒಂದು ಮೇಳಕ್ಕೆ ಎಂಟು ನಿಮಿಷ ಕೊಡುತ್ತಾರೆ. ಎಂಟು ನಿಮಿಷದಲ್ಲಿ ನನ್ನ ಅಂಗಡಿಯ ಹಳೆಯ ಪ್ರಿಂಟರ್ ಬಿಸಿಯೂ ಆಗುವುದಿಲ್ಲ.

ಮೂರು ವರ್ಷದ ಹಿಂದಿನ ಸಂಭ್ರಮದಲ್ಲಿ ಸತ್ಯವ್ವನ ಎದುರಿಗೆ ಹರದೇಶಿಗೆ ಕೂತಿದ್ದವರು ರಾಮದುರ್ಗ ಕಡೆಯ ನಿಜಗುಣಪ್ಪ. ಎಪ್ಪತ್ತು ದಾಟಿದ ಮನುಷ್ಯ, ಬಿಳಿ ಪಟಗಾ, ಕೆಂಪು ಅಂಚಿನ ಧೋತರ. ಸತ್ಯವ್ವನ ತಾಯಿ ರಾಯವ್ವನ ಎದುರಿಗೂ ಹಾಡಿದವರು. ರಾಯವ್ವನೇ ಸತ್ಯವ್ವನಿಗೆ ಗುರು. ಆ ದಿನ ನಿಜಗುಣಪ್ಪ ಒಂದು ಸವಾಲು ಹಾಕಿದರು:

ಎತ್ತು ಹೂಡಿ ಕೂರಗಿ ಹಿಡದು ಹೊಲದಾಗ ನಡದಾಂವ ಗಂಡು,
ನಿಂತಲ್ಲೆ ನಿಂತ ಭೂಮಿ ನಾ ಹೆಚ್ಚು ಅಂತೈತಿ ಏನು ಕಂಡು?

ಬಿತ್ತುವ ಕೂರಿಗೆಯನ್ನು ಹೊಲದುದ್ದ ನಡೆಸಿದವನು ಗಂಡಸು, ಇದ್ದಲ್ಲೇ ಇದ್ದ ಭೂಮಿ ತಾನೇ ದೊಡ್ಡವಳು ಎನ್ನಲು ಏನು ಕಾರಣ, ಎಂದು ಪ್ರಶ್ನೆ. ಜನ ಸಿಳ್ಳೆ ಹೊಡೆದರು. ಸತ್ಯವ್ವ ತನ್ನ ಚರ್ಮವಾದ್ಯ ದಪ್ಪನ್ನು ಎತ್ತಿ ಗಣಪತಿಯ ಸ್ತುತಿ ಹಿಡಿದಳು. ಅದು ಮುಗಿದು ಗುರುವಿನ ಸ್ತುತಿಗೆ ಬಂದಿದ್ದಳು, ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂತು. ಮೈಕು ಬಂದ್ ಆಯಿತು. ನಿರೂಪಣೆಯ ಹುಡುಗಿ ನಗುನಗುತ್ತಾ ಮೇಳವನ್ನು ಎಬ್ಬಿಸಿ ಕಳಿಸಿದಳು.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈದು ಸೀತನಿ ತಿಂದು ಮನೆಗೆ ಹೋಗುತ್ತಿದ್ದರು. ಆದರೆ ಈ ಮೇಳದವರಲ್ಲಿ ಒಂದು ಹಳೆಯ ರೂಢಿ ಇದೆ. ಜವಾಬು ಕೊಡದೆ ಎದ್ದವರ ದಪ್ಪು ಸವಾಲು ಹಾಕಿದವರ ಮನೆಗೆ ಹೋಗಬೇಕು. ಅದೇ ಕಣದಲ್ಲಿ, ಅದೇ ಮನುಷ್ಯನ ಎದುರು, ನಾಲ್ಕು ಜನರ ಮುಂದೆ ಜವಾಬು ಹಾಡಿದ ಮೇಲೆಯೇ ಅದು ತಿರುಗಿ ಬರುವುದು. ಅಷ್ಟರೊಳಗೆ ಸವಾಲು ಹಾಕಿದವನು ತೀರಿಕೊಂಡರೆ ಸೋಲು ಕಾಯಂ. ಸತ್ಯವ್ವ ವೇದಿಕೆಯ ಮೆಟ್ಟಿಲು ಇಳಿದವಳೇ ನೆಟ್ಟಗೆ ಹೋಗಿ, ತಾಯಿ ರಾಯವ್ವ ಐವತ್ತು ವರ್ಷ ಬಾರಿಸಿದ ದಪ್ಪನ್ನು ನಿಜಗುಣಪ್ಪನ ಕೈಗೆ ಇಟ್ಟಳು. ಅವರು ಬೇಡವೆಂದರು. ಇದು ಸಮಿತಿಯವರ ತಪ್ಪು, ನಿನ್ನದಲ್ಲ ಎಂದರು. ಈಕೆ ಕೇಳಲಿಲ್ಲ. ಎದ್ದದ್ದು ಎದ್ದದ್ದೇ, ಯಾರು ಎಬ್ಬಿಸಿದರು ಅನ್ನುವುದು ರೂಢಿಯಲ್ಲಿ ಬರೆದಿಲ್ಲ ಅಂದಳು.

ಅವತ್ತಿನಿಂದ ನನ್ನ ತಲೆನೋವು ಶುರು.

ವಾರಕ್ಕೊಮ್ಮೆ ಮೆಹಬೂಬಸಾಬನ ಟಂಟಂನಲ್ಲಿ ಕೂತು ಸತ್ಯವ್ವ ನನ್ನ ಅಂಗಡಿಗೆ ಬರತೊಡಗಿದಳು. ಮೆಹಬೂಬಸಾಬ ಈ ಮೇಳದಲ್ಲಿ ಒಂಟಿ ತಂತಿಯ ತುಂತುಣಿ ಬಾರಿಸುವವನು, ಉಳಿದ ದಿನ ಟಂಟಂ ಓಡಿಸಿ ಹೊಟ್ಟೆ ಹೊರೆಯುವವನು. ಮುಂದಿನ ಸಂಭ್ರಮದ ಅರ್ಜಿ ಬಿಟ್ಟರೇನು ಎಂದು ಕೇಳುವುದು ಆಕೆಯ ಕೆಲಸ, ಇನ್ನೂ ಎಂಟು ತಿಂಗಳಿದೆ ಎಂದು ಹೇಳುವುದು ನನ್ನ ಕೆಲಸ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ಜವಾಬು ಗೊತ್ತಿದೆಯೋ ಇಲ್ಲವೋ ಎಂದು. ಗೊತ್ತಿದೆ, ಸವಾಲು ಕಿವಿಗೆ ಬಿದ್ದಾಗಲೇ ಹೊಳೆದಿತ್ತು, ನಾಲ್ಕೇ ಸಾಲು ಎಂದಳು. ನಾಲ್ಕು ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಿಜಗುಣಪ್ಪನಿಗೆ ಕಳಿಸೋಣ ಎಂದೆ. ಆಕೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮದುವೆಯ ಅಕ್ಷತೆಯನ್ನು ಪೋಸ್ಟಿನಲ್ಲಿ ಕಳಿಸೋಣ ಅಂದವಳ ಕಡೆ ನೋಡುವ ಹಾಗೆ.

ಹೋಗಲಿ, ಎಂಟು ನಿಮಿಷದಲ್ಲಿ ಬರೀ ಆ ನಾಲ್ಕು ಸಾಲು ಹಾಡಿ ಎದ್ದುಬಾ ಎಂದೆ. ಅದೂ ಆಗುವುದಿಲ್ಲವಂತೆ. ಮೊದಲು ಗಣಪತಿ, ಆಮೇಲೆ ಗುರು, ಆಮೇಲೆ ಎದುರಿನವರ ಸವಾಲನ್ನು ಒಂದಕ್ಷರ ಬಿಡದೆ ತಿರುಗಿ ಹಾಡಬೇಕು. ಅದಾದ ಮೇಲೆ ಜವಾಬು. ಎಲ್ಲ ಸೇರಿ ಹದಿನಾಲ್ಕು ನಿಮಿಷ.

"ತಲಿ ಇಲ್ಲದ ಪದ ಹಾಡಾಕ ನಾ ಏನ್ ಟಿವಿ ಜಾಹೀರಾತೇನ್ರಿ ಬಾಯಾರ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಆದರೆ ಒಳಗೊಳಗೆ ಒಂದು ಮುಳ್ಳೂ ಚುಚ್ಚಿತು. ನಮ್ಮ ಅಜ್ಜ ದಿಗಂಬರ ಶಾಸ್ತ್ರಿಗಳು ವಾದಕ್ಕೆ ಕೂತರೆ ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿ, ಹೌದೋ ಅಲ್ಲವೋ ಎಂದು ಕೇಳಿ, ಆಮೇಲೆ ಖಂಡಿಸುತ್ತಿದ್ದರಂತೆ. ಅದನ್ನು ನಾನು ಹತ್ತು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡವಳು. ಅಜ್ಜ ಮಾಡಿದರೆ ಶಾಸ್ತ್ರ, ಸತ್ಯವ್ವ ಮಾಡಿದರೆ ಹಟ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಅರ್ಜಿ ಬಿಟ್ಟ ದಿನವೇ ತುಂಬಿದೆ.

ಮರುವರ್ಷ ಆಮಂತ್ರಣ ಪತ್ರಿಕೆ ಬಂತು. ಸತ್ಯವ್ವನ ಹೆಸರು ಮೊದಲ ದಿನದ ಸೋಬಾನೆ ಪದದ ಪಟ್ಟಿಯಲ್ಲಿ, ನಿಜಗುಣಪ್ಪನ ಹೆಸರು ಮೂರನೆಯ ದಿನದ ಪಟ್ಟಿಯಲ್ಲಿ. ಕಾರ್ಯದರ್ಶಿ ಮಹಾಂತಪ್ಪನಿಗೆ ಫೋನ್ ಮಾಡಿದೆ. ಅಚ್ಚಾಗಿ ಹೋಗಿದೆ ಮೇಡಂ, ಮುಂದಿನ ವರ್ಷ ನೋಡೋಣ ಎಂದ. ಅಚ್ಚಾದದ್ದು ವೇದವೇ ಎಂದು ಕೇಳಿದೆ. ಸಿಗ್ನಲ್ ಇಲ್ಲ ಎಂದು ಇಟ್ಟ. ಸತ್ಯವ್ವ ಸೋಬಾನೆ ಹಾಡಿ ಬಂದಳು.

ಅದರ ಮರುವರ್ಷ ಇಬ್ಬರನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಹಾಕಿದ್ದರು. ನಾನೇ ಅಂಗಡಿ ಬಂದ್ ಮಾಡಿ ಹೋಗಿದ್ದೆ. ಗಣಪತಿ ಸ್ತುತಿ ಆಯಿತು, ಗುರುಸ್ತುತಿಯೂ ಆಯಿತು. ಸವಾಲನ್ನು ತಿರುಗಿ ಹಾಡಲು ಆಕೆ ಉಸಿರು ಎಳೆದುಕೊಂಡಳು. ಆಗ ಮಹಾಂತಪ್ಪ ಶಾಲು, ಹಾರ, ಹಣ್ಣಿನ ಬುಟ್ಟಿ ಹೊತ್ತ ಐದು ಜನರ ಸಮೇತ ವೇದಿಕೆ ಹತ್ತಿದ. ಹಿರಿಯ ಕಲಾವಿದೆಗೆ ಸನ್ಮಾನವಂತೆ. ಸತ್ಯವ್ವ ಒಂದು ಕೈಯಲ್ಲಿ ತಡೆಯುತ್ತಿದ್ದಾಳೆ, ಇವರು ಶಾಲು ಹೊದಿಸುತ್ತಿದ್ದಾರೆ, ಫೋಟೊದವನು ನಗಿರಿ ನಗಿರಿ ಎನ್ನುತ್ತಿದ್ದಾನೆ. ಸನ್ಮಾನವಾದ ಮೇಲೆ ಕೂತು ಹಾಡುವ ಪದ್ಧತಿ ಇಲ್ಲವಂತೆ, ಮುಂದಿನ ತಂಡವನ್ನು ಕರೆದರು. ಮನುಷ್ಯರನ್ನು ಬೈದು ಓಡಿಸುವುದನ್ನು ನೋಡಿದ್ದೆ. ಮರ್ಯಾದೆ ಮಾಡಿ ಓಡಿಸುವುದನ್ನು ಅವತ್ತು ನೋಡಿದೆ. ಬರುವಾಗ ದಾರಿಯುದ್ದ ನಾನು ಮಹಾಂತಪ್ಪನ ವಂಶವನ್ನೆಲ್ಲ ನೆನೆಸಿದೆ. ಸತ್ಯವ್ವ ಆ ಶಾಲನ್ನು ಮೆಹಬೂಬಸಾಬನ ಟಂಟಂ ಸೀಟಿನ ಹರಿದ ಜಾಗಕ್ಕೆ ಹಾಸಿ ಇಳಿದುಹೋದಳು.

ಈ ವರ್ಷ ನಾನೇ ಹಟ ಹಿಡಿದೆ. ಇಬ್ಬರ ಅರ್ಜಿಯನ್ನೂ ನಾನೇ ತುಂಬಿದೆ. ಅತಿಥಿಗಳು ಬಾರದ ಎರಡನೆಯ ದಿನ, ಮಧ್ಯಾಹ್ನ ಮೂರು ಗಂಟೆ ಎಂದು ಬರೆಸಿಕೊಂಡೆ. ಸನ್ಮಾನ ಬೇಡ ಎಂದು ಕೆಂಪು ಅಕ್ಷರದಲ್ಲಿ ಹಾಕಿದೆ. ಹದಿನಾಲ್ಕು ನಿಮಿಷ ಕೇಳಿದೆ. ಉಳಿದದ್ದೆಲ್ಲ ಒಪ್ಪಿದರು, ನಿಮಿಷ ಮಾತ್ರ ಎಂಟೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ.

ಅರ್ಜಿಗೆಂದು ನಿಜಗುಣಪ್ಪನಿಗೆ ಫೋನ್ ಮಾಡಿದಾಗ ಆ ಕಡೆಯ ದನಿ ಗುರುತೇ ಹತ್ತಲಿಲ್ಲ. ಕಲ್ಲಿನ ಮೇಲೆ ಚಪ್ಪಲಿ ಎಳೆದಂತಿತ್ತು. ದಸರೆಯ ಹೊತ್ತಿಗೆ ಗಂಟಲಿನ ಆಪರೇಷನ್ ಆಗಿದೆ, ಹಾಡಬಾರದು ಎಂದು ಡಾಕ್ಟರರು ಹೇಳಿದ್ದಾರೆ ಎಂದರು. ಹಾಗಾದರೆ ಬೇಡ ಬಿಡಿ ಎಂದೆ. ಬರುತ್ತೇನೆ, ಸುಮ್ಮನೆ ಎದುರಿಗೆ ಕೂತರೂ ಆಕೆಯ ಜವಾಬಿಗೆ ದಾರಿಯಾಗುತ್ತದೆ, ಸತ್ಯವ್ವನಿಗೆ ಮಾತ್ರ ಹೇಳಬೇಡಿ ಎಂದರು. ಎಂಟು ನಿಮಿಷದ ಸಂಗತಿಯನ್ನು ನಾನು ಅವರ ಹತ್ತಿರವೂ ಗೊಣಗಿದೆ. ಅವರು ಹ್ಞೂಂ ಎಂದು ಕೇಳಿಸಿಕೊಂಡರು.

ಆ ದಿನ ಮೈದಾನದ ಒಂದು ಬದಿಗೆ ಸೀತನಿಯ ಕುಳಿಗಳು ಹೊಗೆಯಾಡುತ್ತಿದ್ದವು. ಹಸಿ ತೆನೆ ಸುಟ್ಟು, ತಿಕ್ಕಿ ಕಾಳು ಬಿಡಿಸುವ ಹೆಂಗಸರು ಸಾಲಾಗಿ ಕೂತಿದ್ದರು. ವೇದಿಕೆಯ ಮುಂದೆ ಮುನ್ನೂರು ಖುರ್ಚಿ, ನಲವತ್ತು ಜನ. ಮೂರು ಗಂಟೆಯ ಕಾರ್ಯಕ್ರಮ ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಶುರುವಾಯಿತು, ಅದೇ ಒಂದು ಪುಣ್ಯ. ಮಹಾಂತಪ್ಪ ಕೈಯಲ್ಲಿ ಶಾಲೆಯ ಪೀಟಿ ಮಾಸ್ತರರ ಸೀಟಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಎಂಟು ನಿಮಿಷಕ್ಕೆ ಸೀಟಿ ಊದುವನಂತೆ. ಸತ್ಯವ್ವನ ಮುಖ ನೋಡಿದೆ. ಗುರುವನ್ನು ಬಿಟ್ಟು ಜವಾಬು ಹಾಡಬೇಕೋ, ಜವಾಬು ಬಿಟ್ಟು ಗುರುವನ್ನು ಹಾಡಬೇಕೋ ಎಂದು ಆಕೆ ಇನ್ನೂ ತೂಗುತ್ತಿದ್ದಳು. ಬೇರೆ ಯಾರದೋ ದಪ್ಪು ಆಕೆಯ ತೊಡೆಯ ಮೇಲಿತ್ತು.

ರೂಢಿಯಂತೆ ಹರದೇಶಿಯ ಸರದಿ ಮೊದಲು. ನಿಜಗುಣಪ್ಪ ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಒಂದು ದಪ್ಪು ಕೈಯಲ್ಲಿ, ಇನ್ನೊಂದು ಬಿಳಿ ವಸ್ತ್ರದಲ್ಲಿ ಕಟ್ಟಿ ಪಕ್ಕದಲ್ಲಿ. ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಗಣಪತಿಯ ಸ್ತುತಿ ಹಿಡಿದರು. ಈ ಮುದುಕನಿಗೆ ಡಾಕ್ಟರರು ಹೇಳಿದ್ದೇನು, ಈತ ಮಾಡುತ್ತಿರುವುದೇನು ಎಂದು ಹಲ್ಲು ಕಡಿದೆ. ದನಿ ಅಲ್ಲಲ್ಲಿ ಹರಿದುಹೋಗುತ್ತಿತ್ತು. ಹರಿದಲ್ಲಿ ಮೇಳದವರು ಹಿಡಿದುಕೊಂಡರು.

ಗಣಪತಿ ಮುಗಿಯಿತು. ಇನ್ನು ಅವರ ಗುರುವಿನ ಹೆಸರು ಬರಬೇಕು. ಬರಲಿಲ್ಲ.

ಹೂಲಿಯ ರಾಯವ್ವ ಗುರುತಾಯಿ ನಿನ್ನ ಪಾದಕ್ಕ ಶರಣು,
ಮಗಳ ನಾಲಗಿ ಮ್ಯಾಲ ಬಂದು ಕೂಡ, ತೀರಿಸು ಹಳೆ ಋಣವು.

ಮೆಹಬೂಬಸಾಬನ ಕೈ ತುಂತುಣಿಯ ಮೇಲೆಯೇ ನಿಂತುಬಿಟ್ಟಿತು. ನಲವತ್ತು ವರ್ಷದಿಂದ ಮೇಳ ಮಾಡುವ ಆತ ಹರದೇಶಿಯವರ ಬಾಯಲ್ಲಿ ನಾಗೇಶಿ ಗುರುವಿನ ಸ್ತುತಿ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಿಜಗುಣಪ್ಪ ರಾಯವ್ವನ ಮೇಲೆ ಆರು ನುಡಿ ಹಾಡಿದರು. ಆಕೆಯ ಎದುರು ತಾವು ಸೋತ ಊರುಗಳ ಹೆಸರನ್ನೂ ಹಾಡಿದರು. ಕೊನೆಗೆ ತಮ್ಮ ಹಳೆಯ ಸವಾಲಿನ ಎರಡು ಸಾಲನ್ನು ಒಂದಕ್ಷರ ಬಿಡದೆ ಹಾಡಿ ಕೆಮ್ಮತೊಡಗಿದರು. ಸೀಟಿ ಬಿತ್ತು. ಜವಾಬಿಗೆ ಮೊದಲು ಸತ್ಯವ್ವ ಹಾಡಬೇಕಾದದ್ದಷ್ಟೂ ಅವರ ಎಂಟು ನಿಮಿಷದಲ್ಲಿ ಮುಗಿದಿತ್ತು.

ಕೆಮ್ಮು ನಿಂತ ಮೇಲೆ ಅವರು ಹೇಳಿದ್ದು ಇಷ್ಟೇ: "ಎಂಟೂ ನಿಮಿಷ ಪೂರಾ ನಿಂದ ಐತಿ. ಹಾಡವಾ ತಂಗಿ."

ಸತ್ಯವ್ವ ಒಂದು ಗಳಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ಅಳುತ್ತಾ ಕೂತರೆ ನಿಮಿಷ ಹೋಗುತ್ತದಲ್ಲ ಎಂದು. ಆಕೆ ದಪ್ಪು ಎತ್ತಿದಳು.

ಮುಂದ ಮುಂದ ನಡದಾಂವ ನೀನು, ಹಿಂದ ಹೊಳ್ಳಿ ನೋಡಿಲ್ಲ,
ಉಡಿಯಾಗ ಬೀಜ ಹೊತ್ತಾಕಿ ನಾನು ನಿನ್ನ ಕಣ್ಣಿಗಿ ಬಿದ್ದಿಲ್ಲ.
ನನ್ನ ಕೈ ನಿಂತರ ನಿನ್ನ ಕೂರಗಿ ಮಣ್ಣು ಗೀರತೈತಿ ಅಷ್ಟ,
ಬರೇ ಗೀರಿದ ಹೊಲದಾಗ ಜ್ವಾಳ ಬೆಳದದ್ದು ಕಂಡೀ ಎಷ್ಟ?

ಸೀತನಿ ಕುಳಿಯ ಹತ್ತಿರದಿಂದ ಒಬ್ಬ ಮುದುಕಿ ಕೇಕೆ ಹಾಕಿದಳು. ಆ ಹೆಂಗಸರೆಲ್ಲ ಕೂರಿಗೆಯ ಹಿಂದೆ ನಡೆದು, ಉಡಿಯಿಂದ ಕಾಳು ತೆಗೆದು ಅದರ ಬಟ್ಟಲಿಗೆ ಬಿಟ್ಟು ಬಿತ್ತಿದವರೇ. ತೆನೆ ತಿಕ್ಕುವ ಕೈಯನ್ನು ಹಾಗೆಯೇ ಬಿಟ್ಟು ಎದ್ದುಬಂದರು. ಸೀತನಿಗೆ ಸಾಲು ನಿಂತಿದ್ದ ಗಂಡಸರೂ ಬೇರೆ ದಾರಿಯಿಲ್ಲದೆ ಅವರ ಹಿಂದೆ ಬಂದರು. ಖುರ್ಚಿ ತುಂಬಿದವು. ಸತ್ಯವ್ವ ಆ ನಾಲ್ಕು ಸಾಲನ್ನು ಮೂರು ಬಗೆಯಲ್ಲಿ ಹಾಡಿದಳು, ಒಂದೊಂದು ಸಲವೂ ನಿಜಗುಣಪ್ಪನ ಕಡೆ ಕೈ ಮಾಡಿ. ಅವರು ತೊಡೆ ತಟ್ಟಿ ನಕ್ಕರು. ಬಿಳಿ ವಸ್ತ್ರ ಬಿಚ್ಚಿ, ರಾಯವ್ವನ ದಪ್ಪನ್ನು ಎರಡೂ ಕೈಯಲ್ಲಿ ಹಣೆಗೆ ಒತ್ತಿ ಆಕೆಯ ಮುಂದೆ ಇಟ್ಟರು. ಚರ್ಮಕ್ಕೆ ಎಣ್ಣೆ ಹಚ್ಚಿದ್ದರು, ಅಂಚಿಗೆ ಹೊಸ ಗೆಜ್ಜೆ ಹಾಕಿಸಿದ್ದರು.

ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಿಂದ ಸೀತನಿ ತಿಂದು ಮನೆಗೆ ಹೋಗುತ್ತಿದ್ದೆ. ಮಹಾಂತಪ್ಪ ಗಡಿಯಾರ ನೋಡುತ್ತಿದ್ದ, ಇನ್ನೂ ಒಂದು ನಿಮಿಷ ಉಳಿದಿತ್ತು. ಸತ್ಯವ್ವ ತಾಯಿಯ ದಪ್ಪನ್ನು ತೊಡೆಗೆ ಎಳೆದುಕೊಂಡು ಎರಡು ಪೆಟ್ಟು ಹಾಕಿ ನೋಡಿದಳು. ಆಮೇಲೆ ಯಾರೂ ಕೇಳದ, ನನಗೂ ಹೇಳದ ಒಂದು ಹೊಸ ಸವಾಲು ಎಸೆದಳು:

ಬಿತ್ತಿದಾಕಿ ನಾ, ಬೆಳದಾಕಿ ಭೂಮಿ, ಕಸಾ ತಗದಾಕಿ ಮಗಳು,
ರಾಶಿಯ ಮುಂದ ಮೀಸಿ ತಿರುವಾಂವ ನೀ ಯಾವ ಸೀಮಿ ಮಗನು?

ಸೀಟಿ ಬಿತ್ತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಿಜಗುಣಪ್ಪ ಬಾಯಿ ತೆರೆದರು, ದನಿ ಬರಲಿಲ್ಲ. ಕೈಯಲ್ಲಿ ಸನ್ನೆ ಮಾಡಿ ಇನ್ನೆರಡು ನಿಮಿಷ ಕೊಡಿ ಎಂದು ಮಹಾಂತಪ್ಪನನ್ನು ಕೇಳಿದರು. ಅಷ್ಟರೊಳಗೆ ನಿರೂಪಣೆಯ ಹುಡುಗಿ ಮುಂದಿನ ತಂಡದ ಹೆಸರು ಕೂಗಿದ್ದಳು. ಮುದುಕರು ಎದ್ದರು. ಎದ್ದದ್ದು ಎದ್ದದ್ದೇ. ತಮ್ಮ ದಪ್ಪನ್ನು ಸತ್ಯವ್ವನ ಕೈಯಲ್ಲಿಟ್ಟು ಮೆಟ್ಟಿಲು ಇಳಿದು ಬಸ್ಸಿಗೆ ಹೋದರು.

ವೇದಿಕೆಯ ಹಿಂದೆ ನಾನು ಸತ್ಯವ್ವನ ಮೇಲೆ ಹರಿಹಾಯ್ದೆ. ಹೇಳಬೇಡಿ ಎಂದದ್ದನ್ನೆಲ್ಲ ಹೇಳಿಬಿಟ್ಟೆ. ಅವರ ಗಂಟಲಿನ ಆಪರೇಷನ್ ಆಗಿದೆ, ನಿನಗೋಸ್ಕರ ಡಾಕ್ಟರರ ಮಾತು ಮೀರಿ ಹಾಡಿದರು, ಆ ಮನುಷ್ಯನ ತಲೆಯ ಮೇಲೆ ಮತ್ತೊಂದು ಸವಾಲು ಹೇರಿದೆಯಲ್ಲ, ನಿನಗೆ ಕರುಣೆ ಇಲ್ಲವೇ ಎಂದೆ. ಮೂರು ವರ್ಷ ನಾನು ತುಂಬಿದ ಅರ್ಜಿಗಳು, ಬಂದ್ ಮಾಡಿದ ಅಂಗಡಿ, ಎಲ್ಲವನ್ನೂ ಎತ್ತಿ ಆಡಿದೆ. ಮೆಹಬೂಬಸಾಬ ಟಂಟಂ ಒರೆಸುವ ನೆಪದಲ್ಲಿ ಆ ಕಡೆ ಹೋದ.

ಸತ್ಯವ್ವ ಎರಡು ದಪ್ಪನ್ನೂ ಒಂದರ ಮೇಲೊಂದು ಇಟ್ಟು ಆ ಬಿಳಿ ವಸ್ತ್ರದಲ್ಲಿ ಕಟ್ಟುತ್ತಿದ್ದಳು. ಗಂಟು ಬಿಗಿದ ಮೇಲೆ ಮಾತಾಡಿದಳು.

"ಮಫ್ಲರ್ ನೋಡಿದಾಗ ತಿಳದಿತ್ರಿ ಬಾಯಾರ. ಅದಕ್ಕ ಹಾಕೇನಿ ಸವಾಲು. ಜವಾಬು ಬಾಕಿ ಇದ್ದ ಮನಶ್ಯಾ ಔಷಧ ಬರೋಬರಿ ತಗೋತಾನ. ಈ ಮೂರ ವರ್ಷ ನಾ ಒಂದಿನಾ ಬಿಪಿ ಗುಳಗಿ ತಪ್ಪಿಸಿಲ್ಲ."

ಟಂಟಂ ಹತ್ತುವ ಮೊದಲು ಆಕೆ ನನ್ನ ಉಡಿಗೆ ಒಂದು ಬೊಗಸೆ ಬಿಸಿ ಸೀತನಿ ಸುರಿದಳು.

ಎಂಟು ದಿನದ ಮೇಲೆ ರಾಮದುರ್ಗದಿಂದ ನಿಜಗುಣಪ್ಪನ ಫೋನ್ ಬಂತು. ಮುಂದಿನ ಸಂಭ್ರಮದ ಅರ್ಜಿ ಬಿಟ್ಟರೇನು ಎಂದು ಕೇಳಿದರು. ಇನ್ನೂ ಹನ್ನೊಂದು ತಿಂಗಳಿದೆ, ಸುಮ್ಮನೆ ಗಂಟಲು ನೋಡಿಕೊಳ್ಳಿ ಎಂದು ಗದರಿದೆ. ಗುಳಿಗೆ ತಗೊಂಡೇ ಫೋನ್ ಮಾಡಿದ್ದೇನೆ ಎಂದರು.